ಹಳೆಯ ಯುದ್ಧದ ಪಟಗಳಲ್ಲಿ ಜರ್ಮನ್ ಸೈನಿಕರು ಅಷ್ಟೊಂದು ಚಿಕ್ಕವರೇಕೆ?

ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳ ಪಟಗಳಲ್ಲಿರುವ ಕೆಲವು ಜರ್ಮನ್ ಸೈನಿಕರನ್ನು ನೋಡಿದರೆ ಶಾಲೆಯ ಹುಡುಗನಿಗೆ ಯಾರದೋ ಸಮವಸ್ತ್ರ ತೊಡಿಸಿದಂತಿರುತ್ತದೆ. ಕೋಟಿನ ತೋಳು ಬೆರಳ ತುದಿಯವರೆಗೆ ಬಂದಿರುತ್ತದೆ, ಹೆಲ್ಮೆಟ್ ಹುಬ್ಬಿನ ಮೇಲೆ ಇಳಿದಿರುತ್ತದೆ. ಇವರು ಕುಳ್ಳಗಿನ ಗಂಡಸರೋ, ಮೀಸೆ ಮೂಡದ ಮಕ್ಕಳೋ? ಪಟ ಯಾವ ವರ್ಷದ್ದೆಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

1935ರಲ್ಲಿ ಕಡ್ಡಾಯ ಸೈನ್ಯಸೇವೆ ಮರಳಿದಾಗ ಕರೆ ಬರುತ್ತಿದ್ದುದು 20ರ ಆಸುಪಾಸಿನವರಿಗೆ. ಆ ಮೊದಲ ತಂಡಗಳವರು ಮೊದಲ ಮಹಾಯುದ್ಧದ ಕೂಸುಗಳು. ನೌಕಾ ದಿಗ್ಬಂಧನದಿಂದ ಆಹಾರ ಸಿಗದೆ, 1916-17ರ ಚಳಿಗಾಲದಲ್ಲಿ ಆಲೂಗಡ್ಡೆಯೂ ಇಲ್ಲದೆ, ದನಕ್ಕೆ ಹಾಕುವ ಟರ್ನಿಪ್ ಜಾತಿಯ ಗೆಡ್ಡೆ ತಿಂದು ಜನ ದಿನ ದೂಡಿದ ಕಾಲವದು. ಆಗಿನ ಮಕ್ಕಳ ಬೆಳವಣಿಗೆ ಕುಂಠಿತವಾಗಿದ್ದು ನಿಜ. ಆದರೆ ಅವರಲ್ಲಿ ಬಹಳಷ್ಟು ಮಂದಿ 1920ರ ದಶಕದಲ್ಲಿ ಚೇತರಿಸಿಕೊಂಡರು, ಮೇಲಾಗಿ 1945ರ ಹೊತ್ತಿಗೆ ಅವರಿಗೆ 30ರ ಆಸುಪಾಸು. ಕೊನೆಯ ತಿಂಗಳುಗಳ ಪಟಗಳಿಗೆ ಆ ಹಸಿವನ್ನೇ ಕಾರಣವೆಂದರೆ ಲೆಕ್ಕ ಕೂಡುವುದಿಲ್ಲ.

ದೇಹದಾರ್ಢ್ಯದ ನಿಯಮಗಳೂ ಸಡಿಲವಾಗುತ್ತ ಹೋದವು. ಒಂದು ಕಾಲಕ್ಕೆ ಸುಮಾರು 180 ಸೆಂ.ಮೀ. ಎತ್ತರ ಕೇಳುತ್ತಿದ್ದ, ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್ ಕಾವಲು ದಳವಿದ್ದ ದೇಶದಲ್ಲೇ, 1944ರಲ್ಲಿ ಹೊಟ್ಟೆಯ ಕಾಯಿಲೆಯವರನ್ನು ಒಟ್ಟುಗೂಡಿಸಿ 70ನೇ ಪದಾತಿ ಡಿವಿಷನ್ ಕಟ್ಟಿ ನೆದರ್‌ಲ್ಯಾಂಡ್ಸ್‌ನ ವಾಲ್ಕರೆನ್ ದ್ವೀಪದ ಕಾವಲಿಗೆ ನಿಲ್ಲಿಸಿದರು.

ವಯಸ್ಸು ಇಳಿದದ್ದು ಒಂದೇ ಏಟಿಗಲ್ಲ. 1943ರ ಫೆಬ್ರವರಿಯಲ್ಲಿ, 1926 ಮತ್ತು 1927ರಲ್ಲಿ ಹುಟ್ಟಿದ ವಿದ್ಯಾರ್ಥಿಗಳನ್ನು ತರಗತಿ ತರಗತಿಯಾಗಿಯೇ ವಿಮಾನನಿರೋಧಕ ಫಿರಂಗಿಗಳ ಬಳಿಗೆ ಕಳಿಸಿದರು. ಮೇಷ್ಟ್ರುಗಳೇ ಅಲ್ಲಿಗೆ ಹೋಗಿ ಪಾಠ ಹೇಳಬೇಕಿತ್ತು. 88 ಮಿ.ಮೀ. ಫಿರಂಗಿಯ ಒಂದೊಂದು ತೋಟೆಯೂ ಸುಮಾರು 15 ಕಿಲೊ. ರಾತ್ರಿ ದಾಳಿಯಿದ್ದರೆ ಅದನ್ನು ಎತ್ತಿ ಎತ್ತಿ ತುಂಬಬೇಕು, ಬೆಳಗ್ಗೆ ಪಾಠಕ್ಕೆ ಕೂರಬೇಕು. ಇಷ್ಟಾದರೂ ಕಾನೂನಿನ ಪ್ರಕಾರ ಅವರು ಸೈನಿಕರಲ್ಲ, 'ಸಹಾಯಕರು'! ತೋಳಿನಲ್ಲಿ ನಾಜಿ ಪಕ್ಷದ ಯುವ ಸಂಘಟನೆಯಾದ ಹಿಟ್ಲರ್ ಯೂತ್‌ನ ಪಟ್ಟಿ ಕಂಡರೆ ಈ ಗುಂಪಿನವರೆಂದು ಊಹಿಸಬಹುದು. ಪಟ್ಟಿ ಇಲ್ಲದಿದ್ದರೆ ಅಲ್ಲವೆನ್ನುವ ಹಾಗಿಲ್ಲ, ಅದನ್ನು ಕಳಚಿಡುತ್ತಿದ್ದವರು ಬಹಳ.

ಅದೇ ವರ್ಷ ಮುಖ್ಯವಾಗಿ 1926ರಲ್ಲಿ ಹುಟ್ಟಿದವರಿಂದ 12ನೇ ಎಸ್‌ಎಸ್ ಪಾಂಜರ್ (ಟ್ಯಾಂಕ್) ಡಿವಿಷನ್ ಕಟ್ಟಲಾಯಿತು. 18 ತುಂಬದವರಿಗೆ ಸಿಗರೇಟಿನ ಬದಲು ಮಿಠಾಯಿಯ ಪಡಿತರ ಕೊಡುತ್ತಿದ್ದರು. 1944ರ ಜೂನ್‌ನಲ್ಲಿ ನಾರ್ಮಂಡಿಯಲ್ಲಿ ಸೆರೆಸಿಕ್ಕ ಕೆನಡಾ ಸೈನಿಕರನ್ನು ಕೊಂದದ್ದೂ ಇದೇ ಡಿವಿಷನ್. ಎಳೆಯ ಮುಖ ನೋಡಿ ಮರುಗುವಾಗ ಇದನ್ನು ಬಿಟ್ಟು ಹೇಳಬಾರದು.

1944ರ ಸೆಪ್ಟೆಂಬರ್ 25ರ ಆಜ್ಞೆಯಿಂದ ಹುಟ್ಟಿದ ಫೋಲ್ಕ್ಸ್‌ಸ್ಟುರ್ಮ್ ಎಂಬ ಜನಸೇನೆಗೆ 16ರಿಂದ 60ರವರೆಗಿನ ಎಲ್ಲ ಗಂಡಸರೂ ಸೇರಬೇಕಾಯಿತು. ಎಷ್ಟೋ ಜನರಿಗೆ ಮನೆಯ ಬಟ್ಟೆಯ ಮೇಲೊಂದು ತೋಳುಪಟ್ಟಿ, ಅಷ್ಟೇ. ಕೈಗೆ ಟ್ಯಾಂಕ್ ಒಡೆಯುವ ಆಯುಧವಾದ ಪಾಂಜರ್‌ಫೌಸ್ಟ್. ಅದರ 60ರ ಮಾದರಿಗೆ ಗುರಿಯ ದೂರ 60 ಮೀಟರ್, ಅಂದರೆ ಟ್ಯಾಂಕ್ ಅಷ್ಟು ಹತ್ತಿರ ಬರುವ ತನಕ ಹುಡುಗ ಕಾಯಬೇಕು. ಹಾರಿಸುವಾಗ ಹಿಂದಕ್ಕೂ ಬೆಂಕಿ ಚಿಮ್ಮುತ್ತದೆ. ಬೆನ್ನ ಹಿಂದೆ ಗೋಡೆಯಿದ್ದರೆ ಹಾರಿಸಿದವನೇ ಸುಟ್ಟುಕೊಳ್ಳುತ್ತಾನೆ. 1945ರ ಮಾರ್ಚ್‌ನಲ್ಲಿ 1929ರಲ್ಲಿ ಹುಟ್ಟಿದವರಿಗೂ ಕರೆ ಬಂತು. ಹಿಟ್ಲರ್ ಹುಡುಗರ ಸಾಲಿನ ಮುಂದೆ ನಡೆದು ಕೆನ್ನೆ ತಟ್ಟುವ ಪ್ರಸಿದ್ಧ ಸುದ್ದಿಚಿತ್ರ ಆ ತಿಂಗಳದ್ದು. ಸಾಲಿನಲ್ಲಿದ್ದ ಆಲ್ಫ್ರೆಡ್ ಚೆಕ್‌ಗೆ ಆಗ 12 ವರ್ಷ. ಆ ಸುದ್ದಿಚಿತ್ರವನ್ನು ಏಪ್ರಿಲ್ 20ರ ಹಿಟ್ಲರನ ಹುಟ್ಟುಹಬ್ಬದ ದೃಶ್ಯವೆಂದು ಬರೆಯುವ ತಪ್ಪು ಇಂದಿಗೂ ನಿಂತಿಲ್ಲ.

ಪಟದಲ್ಲಿ ಎತ್ತರ ಅಳೆಯಲು ಬಂದೂಕೇ ಅಳತೆಗೋಲು. ಜರ್ಮನ್ ಸೈನ್ಯದ ಸಾಮಾನ್ಯ ಬಂದೂಕಾದ ಕಾರಾಬಿನರ್ 98ಕೆ ಉದ್ದ 111 ಸೆಂ.ಮೀ. ಅದರ ಹಿಂಬದಿಯನ್ನು ಪಾದದ ಪಕ್ಕ ನೆಲಕ್ಕೂರಿ ನೆಟ್ಟಗೆ ನಿಂತರೆ, 175 ಸೆಂ.ಮೀ. ಎತ್ತರದ ಗಂಡಸಿಗೆ ನಳಿಗೆಯ ತುದಿ ಮೊಣಕೈ ಮಟ್ಟಕ್ಕೆ ಬರುತ್ತದೆ, 150 ಸೆಂ.ಮೀ. ಹುಡುಗನಿಗೆ ಹೆಚ್ಚುಕಡಿಮೆ ಕಂಕುಳಿಗೆ. ಎಡವುವುದು ಎಲ್ಲೆಂದರೆ, ಹಳೆಯ ಗೆವೇರ್ 98 ಬಂದೂಕು 125 ಸೆಂ.ಮೀ. ಇದೆ, ಅದನ್ನು ಹಿಡಿದ ಬೆಳೆದ ಗಂಡಸೂ ಈ ಲೆಕ್ಕದಲ್ಲಿ ಹುಡುಗನಾಗಿಬಿಡುತ್ತಾನೆ. ಬೋಲ್ಟಿನ ಹಿಡಿ ನೇರವಾಗಿ ಪಕ್ಕಕ್ಕೆ ಚಾಚಿದ್ದರೆ ಸಾಮಾನ್ಯವಾಗಿ ಹಳೆಯದು, ಕೆಳಕ್ಕೆ ಬಾಗಿದ್ದರೆ ಹೊಸದು. ಹೆಲ್ಮೆಟ್ ನಂಬಬೇಡಿ. 64ರ ಅಳತೆಯ ಚಿಪ್ಪು 56-57 ಸೆಂ.ಮೀ. ಸುತ್ತಳತೆಯ ತಲೆಗೆ ಸರಿ. 68ರದ್ದು ಕೈಗೆ ಬಂದರೆ ಅಂಥ ತಲೆಯವರ ಹುಬ್ಬು ಮುಚ್ಚುತ್ತದೆ.

ಛಾಯಾಗ್ರಾಹಕರ ಆಯ್ಕೆಯನ್ನೂ ಗಮನಿಸಬೇಕು. 1944ರಲ್ಲಿ ಫ್ರಾನ್ಸ್‌ನ ಕ್ಯಾಲೆ ಬಳಿ ಶರಣಾದ, 7 ಅಡಿಗೂ ಎತ್ತರದ ಯಾಕೋಬ್ ನಾಕೆನ್‌ನ ಪಟ ಹರಿದಾಡಿದ್ದು ಅವನು ಅಪರೂಪವಾಗಿದ್ದರಿಂದ. 1945ರಲ್ಲಿ ಅಮೆರಿಕದ ಜಾನ್ ಫ್ಲೋರಿಯಾ ತೆಗೆದ, ಅಳುತ್ತಿರುವ 15-16ರ ಹಾನ್ಸ್-ಗಿಯೋರ್ಗ್ ಹೆಂಕೆಯ ಪಟವೂ ಕ್ಯಾಮೆರಾ ಹುಡುಕಿ ಹಿಡಿದ ಮುಖವೇ. ಆದರೆ ಹೆಂಕೆಯಂಥವರು ಅಪರೂಪವಾಗಿರಲಿಲ್ಲ. ಆ ವರ್ಷ ಫ್ರಾನ್ಸ್‌ನ ಅತ್ತಿಶಿಯಲ್ಲಿ, ಸೆರೆಸಿಕ್ಕ ಸಾವಿರಾರು ಹುಡುಗರನ್ನು ದೊಡ್ಡವರಿಂದ ಬೇರೆಯಾಗಿಡಲು ಅಮೆರಿಕದ ಸೇನೆ ಪ್ರತ್ಯೇಕ ಶಿಬಿರವನ್ನೇ ತೆರೆದು, ಒಳಗೆ ಪಾಠವನ್ನೂ ಶುರುಮಾಡಬೇಕಾಯಿತು.