ಎದುರಿನವರು 4 ಲೈಫಲ್ಲಿ ಉಳೀತಾರೆ, ನನ್ನ ಕೈ ಖಾಲಿ: ಕಡಿಮೆ ಖರ್ಚಿನ ಕೆಂಪು ಡೆಕ್ ಸುಧಾರಿಸೋದು ಹೇಗೆ?

ಪ್ರಶ್ನೆ: ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡಾಟ ಆಡೋಕೆ ಶುರು ಮಾಡಿ ಒಂದು ವರ್ಷ ಆಯ್ತು. ನನ್ನದು ಪೂರ್ತಿ ಕೆಂಪು ಡೆಕ್. 24 ಮೌಂಟನ್ (ಮನಾ, ಅಂದ್ರೆ ಬೇರೆ ಎಲೆ ಆಡೋಕೆ ಬೇಕಾದ ಶಕ್ತಿ ಕೊಡೋ ಕಾರ್ಡು), ಒಂದಿಷ್ಟು ಗಾಬ್ಲಿನ್ ಜೀವಿಗಳು, ನೇರವಾಗಿ ಏಟು ಕೊಡೋ ಕೆಲವು ಬೆಂಕಿ ಕಾರ್ಡು, ಎರಡು ಡ್ರ್ಯಾಗನ್ ಇವೆ. ಮೊದಲು ಚೆನ್ನಾಗಿ ಹೊಡೀತೀನಿ. ಎದುರಿನವರು 4–5 ಲೈಫಿಗೆ ಇಳಿಯೋ ಹೊತ್ತಿಗೆ ನನ್ನ ಕೈ ಖಾಲಿ. ಆಮೇಲೆ ಅವರೇ ಗೆಲ್ತಾರೆ. ಜಾಸ್ತಿ ದುಡ್ಡು ಹಾಕದೆ ಇದನ್ನ ಸರಿ ಮಾಡಬಹುದಾ? (ಬಳ್ಳಾರಿಯ ಓದುಗರೊಬ್ಬರು)

ಖಂಡಿತ ಮಾಡಬಹುದು. ಮೊದಲನೇ ಹೆಜ್ಜೆಗೆ ಒಂದು ರೂಪಾಯಿಯೂ ಬೇಡ. ಇವತ್ತೇ ಎರಡು ಡ್ರ್ಯಾಗನ್ನನ್ನೂ 4 ಮೌಂಟನ್ನನ್ನೂ ತೆಗೆದಿಡಿ, ಆ ಜಾಗಕ್ಕೆ ನಿಮ್ಮ ಹತ್ತಿರ ಈಗಾಗಲೇ ಇರೋ ಬೆಂಕಿ ಎಲೆ ಹಾಕಿ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಆಟ ಶುರುವಾಗೋದು 20 ಲೈಫಿನಿಂದ, ಅದು ಸೊನ್ನೆಯಾದವರು ಸೋತ ಹಾಗೆ. ಕೈಗೆ 7 ಎಲೆ. ನೀವೇ ಮೊದಲು ಆಡಿದರೆ ಮೊದಲ ಟರ್ನಿನಲ್ಲಿ ಎಲೆ ಎಳೆಯೋ ಹಾಗಿಲ್ಲ. ಹಾಗಾಗಿ 4ನೇ ಟರ್ನಿನ ಹೊತ್ತಿಗೆ ನೀವು ನೋಡಿರೋದು 10 ಎಲೆ. 60 ಎಲೆಯಲ್ಲಿ 24 ಮೌಂಟನ್ ಇದ್ದರೆ ಆ 10ರಲ್ಲಿ ಸರಾಸರಿ 4 ಮೌಂಟನ್. ಉಳಿದಿದ್ದು 6. ಒಂದೊಂದು ಎಲೆ 3 ಏಟು ಕೊಟ್ಟರೂ 18 ಆಯ್ತು. ಎದುರಿನವರು 2 ಲೈಫ್ ಇಟ್ಟುಕೊಂಡು ಕೂತಿರ್ತಾರೆ. ಈಗ ಅದನ್ನೇ 20 ಮೌಂಟನ್ ಮಾಡಿ. 10ರಲ್ಲಿ ಮೌಂಟನ್ 3 ಚಿಲ್ಲರೆ, ಹೊಡೆಯೋ ಎಲೆ 6 ಚಿಲ್ಲರೆ, ಸರಿಯಾಗಿ ಹೇಳಬೇಕಂದ್ರೆ 6 ಮತ್ತು ಮೂರನೇ ಎರಡು ಭಾಗ. ಅದನ್ನ 3ರಿಂದ ಗುಣಿಸಿ. ಸರಿಯಾಗಿ 20!

ಈ ಲೆಕ್ಕ ನಿಲ್ಲೋದು ಎರಡು ಷರತ್ತಿನ ಮೇಲೆ. ಎಲೆಗೆ 3 ಏಟು ಬರಬೇಕು. ಆ ಎಲೆ ಒಂದು ಮನಾಗೆ ಸಿಗಬೇಕು. ನಿಮ್ಮ ಡ್ರ್ಯಾಗನ್ ಎರಡರಲ್ಲೂ ಬೀಳುತ್ತೆ. ಅದು ಕೈಯಲ್ಲಿ ಸುಮ್ನೆ ಕೂತಿರೋಷ್ಟು ಹೊತ್ತೂ ನೀವು ಒಂದು ಎಲೆ ಕಡಿಮೆ ಇಟ್ಟುಕೊಂಡು ಆಡ್ತಿದ್ದೀರಿ ಅಂತ ಅರ್ಥ. ಡ್ರ್ಯಾಗನ್ ಚಿತ್ರ ಚೆನ್ನಾಗಿದೆ, ನನಗೂ ಇಷ್ಟ. ಈ ಡೆಕ್ಕಿಗೆ ಮಾತ್ರ ಬೇಡ.

ಈಗ ನಿಮ್ಮ ನಿಜವಾದ ನೋವಿಗೆ ಬರ್ತೀನಿ, ಆ ಕೊನೆಯ 4 ಲೈಫಿಗೆ. ನಾವು ಭಾನುವಾರ ಆಡೋದು ಗೆಳೆಯನೊಬ್ಬನ ಜೀನ್ಸ್ ಹೊಲಿಯೋ ಶೆಡ್ಡಿನಲ್ಲಿ. ಅವತ್ತು ಮಷೀನ್ ನಿಂತಿರುತ್ತೆ, ಬಟ್ಟೆ ಕತ್ತರಿಸೋ ಉದ್ದನೆ ಟೇಬಲ್ ಖಾಲಿ. ಲೈಫ್ ಲೆಕ್ಕ ಬರೆಯೋದು ಡೆನಿಮ್ ತುಂಡಿನ ಮೇಲೆ, ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣದಲ್ಲಿ. 20, 17, 14, 13, 10, 7, 4. ಹೋದ ಬೇಸಿಗೆಯಲ್ಲಿ ನನ್ನ ಎದುರಿನ ಸಾಲು ಎಷ್ಟೋ ಸಲ ಅಲ್ಲೇ ನಿಂತಿತ್ತು. ಪಕ್ಕದಲ್ಲಿ ನೋಡ್ತಿದ್ದ ಹುಡುಗ ಪ್ರತಿ ಸಲ ಹೇಳೋನು: "ಇನ್ನ ನಾಕೈತಣ್ಣ. ಒಂದೆಲೆ ಬಂದಿದ್ರೆ ಆಗ್ತಿತ್ತು."

ಆ ಒಂದೆಲೆಯ ಹೆಸರು ಫೈರ್‌ಬ್ಲಾಸ್ಟ್. 1997ರ ವಿಷನ್ಸ್ ಸೆಟ್ಟಿನದು, ಕಾಮನ್ ಕಾರ್ಡು, ಅಂದ್ರೆ ಸುಲಭವಾಗಿ ಸಿಗೋ ದರ್ಜೆಯದು. ಮೇಲೆ ಬರೆದಿರೋ ಬೆಲೆ 6 ಮನಾ. ಅದನ್ನ ಯಾರೂ ಕೊಡೋದಿಲ್ಲ. ಅದರ ಬದಲು ನಿಮ್ಮ ಎರಡು ಮೌಂಟನ್ ಬಲಿ ಕೊಟ್ಟರೆ ಸಾಕು, 4 ಏಟು. ಮನಾ ಪೂರ್ತಿ ಖರ್ಚಾದ ಮೇಲೂ, ಮೌಂಟನ್ ಎಲ್ಲ ಮಲಗಿದ್ದರೂ (ಬಳಸಿದ ಎಲೆಯನ್ನ ಅಡ್ಡ ತಿರುಗಿಸಿಡೋದಕ್ಕೆ ಹೀಗಂತೀವಿ) ಹೊಡೆಯಬಹುದು. ಮುಂದಿನ ಟರ್ನೇ ಇಲ್ಲ ಅಂದಮೇಲೆ ಮೌಂಟನ್ ಇಟ್ಟುಕೊಂಡು ಏನು ಮಾಡೋದು, ಅಲ್ವಾ? ಒಂದೇ ಎಚ್ಚರ. ಮೌಂಟನ್ ಬಲಿ ಕೊಡೋದು ಆ ಎಲೆಯ ಬೆಲೆ. ಎದುರಿನವರು ಅದನ್ನ ಕೌಂಟರ್ ಮಾಡಿದರೆ, ಅಂದ್ರೆ ಬೀಳೋ ಮೊದಲೇ ರದ್ದು ಮಾಡಿದರೆ, ಏಟೂ ಇಲ್ಲ, ಮೌಂಟನ್ನೂ ವಾಪಸ್ ಬರಲ್ಲ. ಅದಕ್ಕೇ ಇದು ಕೊನೆಯ ಏಟು. 10 ಲೈಫ್ ಇದ್ದಾಗ ಆತುರಪಟ್ಟು ಎಸೆಯಬೇಡಿ.

ಇದರ ಜೊತೆಗೆ ಒಂದು ಮನಾದ 3 ಏಟಿನ ಎಲೆಗಳು ಬೇಕು. ಲೈಟ್ನಿಂಗ್ ಬೋಲ್ಟ್ 1993ರ ಮೊದಲ ಸೆಟ್ಟಿನಿಂದಲೂ ಇದೆ. ಲಾವಾ ಸ್ಪೈಕ್ ಕೂಡ 3 ಏಟೇ, ಆದರೆ ಜೀವಿಗಳಿಗೆ ಹೊಡೆಯೋಕಾಗಲ್ಲ. ರಿಫ್ಟ್ ಬೋಲ್ಟ್‌ಗೆ ಈ ಟರ್ನ್ ಒಂದು ಮನಾ ಕೊಟ್ಟು ಪಕ್ಕಕ್ಕಿಟ್ಟರೆ ಮುಂದಿನ ಟರ್ನಿನ ಶುರುವಿನಲ್ಲೇ ಬಂದು ಬೀಳುತ್ತೆ. ಹಾಗೆ ಬಿದ್ದ ಟರ್ನಿನಲ್ಲಿ ಸ್ಕ್ಯೂಅರ್ ದ ಕ್ರಿಟಿಕ್ಸ್ ಆಡಿ. ಅದರ ಬೆಲೆ 3 ಮನಾ, ಆದರೆ ಎದುರಿನವರು ಆ ಟರ್ನಿನಲ್ಲಿ ಆಗಲೇ ಲೈಫ್ ಕಳೆದುಕೊಂಡಿದ್ದರೆ ಒಂದೇ ಮನಾ. ಇವೆಲ್ಲ ಕಾಮನ್ ಆಗಿ ಅಚ್ಚಾದವು. ಕಾಮನ್ ಕಾರ್ಡುಗಳಲ್ಲೇ ಆಡೋ ಪಾಪರ್ ಅನ್ನೋ ಪದ್ಧತಿಗೂ ಹೊಂದುತ್ತವೆ.

ಯಾವುದೇ ಎಲೆ ಒಳ್ಳೇದು ಅನಿಸಿದರೆ ಅದರದೇ ನಾಲ್ಕು ಪ್ರತಿ ಹಾಕಿ. ಒಂದೊಂದೇ ಹತ್ತು ಥರದ್ದು ತುಂಬಿಸೋದನ್ನ ನಮ್ಮ ಕಡೆ ತುಂಬಾ ನೋಡ್ತೀನಿ. ಒಂದೇ ಪ್ರತಿ ಇದ್ದರೆ 10 ಎಲೆಯೊಳಗೆ ಅದು ಸಿಗೋದು 6 ಆಟಕ್ಕೆ ಒಂದು ಸಲ. ನಾಲ್ಕಿದ್ದರೆ ಎರಡು ಆಟಕ್ಕೆ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ.

ಗಾಬ್ಲಿನ್‌ಗಳ ವಿಷಯದಲ್ಲಿ ಸ್ವಲ್ಪ ಕಠಿಣವಾಗಿರಬೇಕು. ಒಂದು ಮನಾದ 1/1 (1 ಏಟು ಕೊಡೋ, 1 ಏಟಿಗೆ ಸಾಯೋ) ಗಾಬ್ಲಿನ್ ಮೊದಲ ಟರ್ನಿನಲ್ಲಿ ಬಂದು, ತಡೆಯೋರಿಲ್ಲದಿದ್ದರೆ, 4ನೇ ಟರ್ನಿನೊಳಗೆ ಮೂರು ಸಲ ಹೊಡೆಯುತ್ತೆ. ಅಲ್ಲಿಗೆ 3 ಏಟು, ಒಂದು ಬೋಲ್ಟಿಗೆ ಸಮ. ಅದೇ ಗಾಬ್ಲಿನ್ 4ನೇ ಟರ್ನಿನಲ್ಲಿ ಕೈಗೆ ಬಂದರೆ ಏನೂ ಅಲ್ಲ. ನಿಮ್ಮ ಕೈ ಖಾಲಿಯಾದಾಗ ಮೇಲಿಂದ ಬರ್ತಿರೋದು ಇಂಥ ಎಲೆಗಳೇ. ಅದರ ಜಾಗಕ್ಕೆ ಗೀಟು ಲಾವಾರನ್ನರ್ ಅನ್ನೋ ಜೀವಿಯನ್ನ ಹಾಕಿ. ನಿಮ್ಮ ಗ್ರೇವ್‌ಯಾರ್ಡಿನಲ್ಲಿ (ಆಡಿ ಮುಗಿದ ಎಲೆಗಳ ರಾಶಿಯಲ್ಲಿ) ಎರಡು ಬೆಂಕಿ ಎಲೆ ಬಿದ್ದ ಮೇಲೆ ಅದು 2/2 ಆಗಿ ಬಂದ ಟರ್ನಿನಲ್ಲೇ ಹೊಡೆಯುತ್ತೆ. ತಡವಾಗಿ ಬಂದಷ್ಟೂ ಬಲ.

ನನಗೆ ಎಲ್ಲಕ್ಕಿಂತ ಇಷ್ಟ ಥರ್ಮೊ-ಆಲ್ಕೆಮಿಸ್ಟ್. ಎರಡು ಮನಾ, 0/3, ಮುಂದೆ ಹೋಗಿ ಹೊಡೆಯೋಕೆ ಬರಲ್ಲ. ಮೊದಲ ಸಲ ನೋಡಿದಾಗ ಇದರಿಂದೇನು ಉಪಯೋಗ ಅನಿಸುತ್ತೆ. ಮಲಗಿಸಿದರೆ 1 ಏಟು ಕೊಡುತ್ತೆ. ನೀವು ಬೆಂಕಿ ಎಲೆ ಆಡಿದಾಗೆಲ್ಲ ಮತ್ತೆ ಎದ್ದು ನಿಲ್ಲುತ್ತೆ. 2ನೇ ಟರ್ನಿನಲ್ಲಿ ಇಟ್ಟಿದ್ದೀರಿ ಅಂದುಕೊಳ್ಳಿ. 3ನೇ ಟರ್ನಿನಲ್ಲಿ ಮೂರು ಮೌಂಟನ್, ಕೈಯಲ್ಲಿ ಒಂದು ಮನಾದ ಮೂರು ಎಲೆ. ಮೊದಲು ಮಲಗಿಸಿ 1, ಆಮೇಲೆ ಪ್ರತಿ ಎಲೆಗೂ 3 ಮತ್ತು 1. ಒಟ್ಟು 13 ಏಟು, ಒಂದೇ ಟರ್ನಿನಲ್ಲಿ! ಆಮೇಲೆ ಎಲೆ ಮುಗಿದರೂ ಅದು ಟರ್ನಿಗೆ 1 ಕೀಳ್ತಾನೇ ಇರುತ್ತೆ. ಆ ಕೊನೆಯ 4ನ್ನ ಕರಗಿಸೋಕೆ ಇದೂ ಒಂದು ದಾರಿ.

ಅಗ್ಗದ ಎಲೆಯಿಂದ ಏನಾಗುತ್ತೆ ಅನ್ನೋರಿಗೆ ಒಂದು ಹಳೇ ಮಾತು. 1996ರಲ್ಲಿ ಅಮೆರಿಕದ ಅಟ್ಲಾಂಟಾದ ಒಂದು ಟೂರ್ನಿಯಲ್ಲಿ ಪಾಲ್ ಸ್ಲೈ ಎಂಬುವರು ಯಾರೂ ಲೆಕ್ಕಕ್ಕಿಡದ ಕೆಂಪು ಎಲೆಗಳ ಡೆಕ್ ಆಡಿ ಎರಡನೇ ಸ್ಥಾನ ಪಡೆದರು. ಕಟ್ಟಿದ್ದು ಜೇ ಶ್ನೈಡರ್. ಪ್ರತಿ ಟರ್ನಿನ ಮನಾ ಒಂದೂ ಹಾಳಾಗದ ಹಾಗೆ ಎಲೆ ಜೋಡಿಸಿದ್ದೇ ಅದರ ಬಲ. ಇವತ್ತಿಗೂ ಅಂಥ ಡೆಕ್ಕಿಗೆ ಸ್ಲೈ ಅಂತಲೇ ಹೆಸರು.

ಕೊಳ್ಳೋ ಮೊದಲು ಕಾಗದದಲ್ಲಿ ಆಡಿ ನೋಡಿ. ಚೀಟಿಯ ಮೇಲೆ ಹೆಸರು, ಬೆಲೆ, ಏಟು ಬರೆದು ನಿಮ್ಮ ಹಳೇ ಕಾರ್ಡಿನ ಸ್ಲೀವಿನಲ್ಲಿ ಮುಂದಕ್ಕೆ ತೂರಿಸಿ. ಟೂರ್ನಿಯಲ್ಲಿ ಇದಕ್ಕೆ ಒಪ್ಪಲ್ಲ, ಗೆಳೆಯರ ಜೊತೆ ಅಡ್ಡಿ ಇಲ್ಲ. ಹತ್ತು ಆಟ ಆಡಿ, ಸೋತಾಗೆಲ್ಲ ಕೈಯಲ್ಲಿ ಉಳಿದಿದ್ದ ಎಲೆ ಯಾವುದು ಅಂತ ಬರೆದಿಡಿ. ಮೂರು ಸಲ ಒಂದೇ ಹೆಸರು ಬಂದರೆ ಅದನ್ನ ತೆಗೆಯಿರಿ.

ಬೂಸ್ಟರ್ ಪ್ಯಾಕೆಟ್ ಬೇಡ, ಒಳಗೆ ಏನಿರುತ್ತೋ ಗೊತ್ತಾಗಲ್ಲ. ಬೇಕಾದ ಎಲೆಯನ್ನೇ ಬಿಡಿಯಾಗಿ ತರಿಸಿ. ನಾವು ನಾಲ್ವರು ಸೇರಿ ಒಂದೇ ಆರ್ಡರ್ ಹಾಕ್ತೀವಿ, ಕೊರಿಯರ್ ಖರ್ಚು ಹಂಚಿ ಹೋಗುತ್ತೆ. ಹೊಳೆಯೋ ಫಾಯಿಲ್ ಎಲೆಗೆ ಜಾಸ್ತಿ ಕೊಡಬೇಡಿ. ಹವೆ ಬದಲಾದಾಗ ಅವು ಬಾಗುತ್ತವೆ, ಕಟ್ಟಿನಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತೆ.

ಕೊನೆಗೆ ಡೆಕ್ ಹೀಗಿರಲಿ: 20 ಮೌಂಟನ್, ಬೋಲ್ಟ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕ್ಯೂಅರ್, ಫೈರ್‌ಬ್ಲಾಸ್ಟ್, ಆಲ್ಕೆಮಿಸ್ಟ್, ಲಾವಾರನ್ನರ್ ನಾಲ್ಕು ನಾಲ್ಕು. ಅಲ್ಲಿಗೆ 48. ಉಳಿದ 12 ಜಾಗಕ್ಕೆ ನಿಮ್ಮ ಹತ್ತಿರ ಈಗಾಗಲೇ ಇರೋ ಷಾಕ್, ವಾಲ್ಕ್ಯಾನಿಕ್ ಹ್ಯಾಮರ್ ಥರದ್ದು ನಡೆಯುತ್ತೆ. ಎಲ್ಲ ಒಟ್ಟಿಗೆ ತರಿಸೋಕಾಗದಿದ್ದರೆ ಈ ತಿಂಗಳು ನಾಲ್ಕು ಫೈರ್‌ಬ್ಲಾಸ್ಟ್, ಮುಂದಿನ ತಿಂಗಳು ನಾಲ್ಕು ಆಲ್ಕೆಮಿಸ್ಟ್. ಉಳಿದವು ನಿಧಾನಕ್ಕೆ ಬರಲಿ.