ವಾಂಡ್ಸ್‌ವರ್ತ್: ಕಡಿಮೆ ತೆರಿಗೆಯ ಕೋಟೆ ಕೈಬದಲಾದ ಕಥೆ

2022ರ ಮೇ 6ರ ಬೆಳಗಿನ ಜಾವ ನೈಋತ್ಯ ಲಂಡನ್ನಿನ ವಾಂಡ್ಸ್‌ವರ್ತ್ ಬರೋ ಕೌನ್ಸಿಲ್‌ನ ಮತ ಎಣಿಕೆ ಮುಗಿಯಿತು. ಲೇಬರ್ ಪಕ್ಷಕ್ಕೆ 35, ಕನ್ಸರ್ವೇಟಿವ್ ಪಕ್ಷಕ್ಕೆ 22, ಸ್ವತಂತ್ರ ಅಭ್ಯರ್ಥಿಗೆ ಒಂದು ಸ್ಥಾನ. ಕಸ ವಿಲೇವಾರಿ, ಬೀದಿ, ಗ್ರಂಥಾಲಯ, ವೃದ್ಧರ ಆರೈಕೆ, ಕಟ್ಟಡಗಳಿಗೆ ಪರವಾನಗಿ ಇತ್ಯಾದಿ ನೋಡಿಕೊಳ್ಳುವ 58 ಸದಸ್ಯರ ಸ್ಥಳೀಯ ಸಂಸ್ಥೆಯೊಂದರ ಫಲಿತಾಂಶ ಇದು. ಲಂಡನ್ನಿನಲ್ಲಿ ಇಂತಹ ಬರೋಗಳು 32 ಇವೆ. ಆದರೂ ಅಂದು ದೇಶದ ಸುದ್ದಿವಾಹಿನಿಗಳೆಲ್ಲ ಮೊದಲು ಹೇಳಿದ್ದು ಈ ಒಂದು ಹೆಸರನ್ನೇ. 1978ರಿಂದ 44 ವರ್ಷ ಬಲಪಂಥೀಯ ಕನ್ಸರ್ವೇಟಿವ್ ಪಕ್ಷದ ಕೈಯಲ್ಲೇ ಇದ್ದ, ಆ ಪಕ್ಷದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಅಚ್ಚುಮೆಚ್ಚಿನ ಕೌನ್ಸಿಲ್ ಎಂದೇ ಹೆಸರಾಗಿದ್ದ ಕೋಟೆ ಬಿದ್ದಿತ್ತು.

ಬಿದ್ದದ್ದು ಆಡಳಿತವೇ ಹೊರತು ಅದರ ಕಡಿಮೆ ತೆರಿಗೆಯ ನೀತಿಯಲ್ಲ ಎಂಬುದು ನನ್ನ ವಾದ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಾಂಡ್ಸ್‌ವರ್ತ್ ಹುಟ್ಟಿನಿಂದ ಬಲಪಂಥೀಯ ಊರಲ್ಲ. 1965ರಲ್ಲಿ ಲಂಡನ್ನಿನ ಆಡಳಿತವನ್ನು ಮರುವಿಂಗಡಿಸಿದಾಗ ಹಳೆಯ ವಾಂಡ್ಸ್‌ವರ್ತ್‌ನ ಬಹುಭಾಗವನ್ನು ಬ್ಯಾಟರ್‌ಸಿಯ ಜೊತೆ ಸೇರಿಸಿ ಈಗಿನ ಬರೋ ರಚಿಸಲಾಯಿತು. ಬ್ಯಾಟರ್‌ಸಿಯದು ಕಾರ್ಖಾನೆ, ರೈಲು ಯಾರ್ಡು, ಕಾರ್ಮಿಕ ಸಂಘಗಳ ಪರಂಪರೆ. 1913ರಲ್ಲೇ ಕಪ್ಪು ವರ್ಣೀಯರಾದ ಜಾನ್ ಆರ್ಚರ್ ಅಲ್ಲಿ ಮೇಯರ್ ಆಗಿದ್ದರು. ಮುಂಬಯಿಯ ಪಾರ್ಸಿ ಕುಟುಂಬದ ಶಾಪುರ್ಜಿ ಸಕ್ಲಾತ್‌ವಾಲಾ 1922ರಲ್ಲಿ ಬ್ಯಾಟರ್‌ಸಿ ಉತ್ತರ ಕ್ಷೇತ್ರದಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದರು. 1924ರಲ್ಲಿ ಕಮ್ಯುನಿಸ್ಟ್ ಎಂದು ಹೇಳಿಕೊಂಡೇ ಮತ್ತೆ ಗೆದ್ದರು. ಹೊಸ ಬರೋ ಆದ ಮೇಲೂ 1968ರಿಂದ ಮೂರು ವರ್ಷ ಬಿಟ್ಟರೆ 1978ರವರೆಗೆ ಅಧಿಕಾರ ಲೇಬರ್ ಕೈಯಲ್ಲೇ ಇತ್ತು.

1978ರ ಮೇ ತಿಂಗಳಲ್ಲಿ ಕನ್ಸರ್ವೇಟಿವರು ಗೆದ್ದರು. ಥ್ಯಾಚರ್ ಪ್ರಧಾನಿಯಾಗಲು ಇನ್ನೂ ಒಂದು ವರ್ಷವಿತ್ತು. ಹಾಗಾಗಿ ಅವರ ಸರ್ಕಾರ ಮುಂದೆ ದೇಶದಾದ್ಯಂತ ಮಾಡಲಿದ್ದ ಅನೇಕ ಕೆಲಸಗಳು ಇಲ್ಲಿ ಮೊದಲೇ ಶುರುವಾದವು. ಕೌನ್ಸಿಲ್ ಒಡೆತನದ ಬಾಡಿಗೆ ಮನೆಗಳ ಮಾರಾಟ ಆರಂಭವಾಯಿತು. ಬಾಡಿಗೆದಾರರಿಗೆ ತಮ್ಮ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಕೊಟ್ಟ ರಾಷ್ಟ್ರೀಯ ಕಾನೂನು ಬಂದದ್ದು 1980ರಲ್ಲಿ. ಕಸ ಎತ್ತುವ, ಬೀದಿ ಗುಡಿಸುವ ಕೆಲಸಗಳು ಖಾಸಗಿ ಗುತ್ತಿಗೆದಾರರ ಪಾಲಾದವು. ಕಾರ್ಮಿಕ ಸಂಘಗಳು ಮುಷ್ಕರ ಹೂಡಿದವು, ಸೋತವು. ಮನೆಗಂದಾಯ ತಗ್ಗಿತು. 1979ರಿಂದ 1983ರವರೆಗೆ ಕೌನ್ಸಿಲ್‌ನ ನಾಯಕರಾಗಿದ್ದ ಕ್ರಿಸ್ಟಫರ್ ಚೋಪ್ ಮುಂದೆ ಸಂಸತ್ ಸದಸ್ಯರಾಗಿ, ಕಿರಿಯ ಸಚಿವರಾಗಿ ಪ್ರತಿ ವಯಸ್ಕನೂ ಒಂದೇ ಮೊತ್ತ ಕಟ್ಟಬೇಕಾದ ತಲೆಗಂದಾಯವನ್ನು ಜಾರಿಗೆ ತಂದ ಇಲಾಖೆಯಲ್ಲೇ ಕುಳಿತರು.

‘ನಾಯಕ’ರ ಬಗ್ಗೆ ಒಂದು ಮಾತು. ಲಂಡನ್ನಿನ ಬಹುತೇಕ ಬರೋಗಳಲ್ಲಿ ಅಧಿಕಾರವೆಲ್ಲ ಬಹುಮತದ ಪಕ್ಷ ಆರಿಸುವ ನಾಯಕನದು; ಮೇಯರ್ ಹುದ್ದೆ ವರ್ಷಕ್ಕೊಬ್ಬರಿಗೆ ಸರದಿಯಂತೆ ಬರುವ ಗೌರವದ ಸ್ಥಾನ. ಪಕ್ಕದ ಲ್ಯಾಂಬೆತ್ ಬರೋದಲ್ಲಿ 2010ರಲ್ಲಿ ಕಲಬುರಗಿ ಮೂಲದ ನೀರಜ್ ಪಾಟೀಲ ಮೇಯರ್ ಆದಾಗ ಕೊರಳಿಗೆ ಧರಿಸಿದ್ದು ಈ ಗೌರವದ ಸರವನ್ನೇ. ಥೇಮ್ಸ್ ದಂಡೆಯ ಮೇಲೆ ಸಂಸತ್ತಿಗೆ ಎದುರಾಗಿ ನಿಂತಿರುವ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆ ಅವರ ಓಡಾಟವಿತ್ತು.

ಆ ಲ್ಯಾಂಬೆತ್ ಇಲ್ಲದೆ ವಾಂಡ್ಸ್‌ವರ್ತ್‌ನ ಕಥೆ ಅರ್ಥವಾಗುವುದಿಲ್ಲ. ಎಂಬತ್ತರ ದಶಕದಲ್ಲಿ ಲ್ಯಾಂಬೆತ್ ಎಡಪಂಥೀಯ ಲೇಬರ್‌ನ ಕೇಂದ್ರ. ಕೇಂದ್ರ ಸರ್ಕಾರ ಮನೆಗಂದಾಯಕ್ಕೆ ಮಿತಿ ಹೇರಿದಾಗ ಅಲ್ಲಿನ ಸದಸ್ಯರು 1985ರಲ್ಲಿ ದರವನ್ನೇ ನಿಗದಿ ಮಾಡದೆ ಬಂಡೆದ್ದರು. ಪರಿಣಾಮವಾಗಿ ದಂಡ ತೆತ್ತು, ಸದಸ್ಯತ್ವಕ್ಕೂ ಅನರ್ಹರಾದರು. ಅಕ್ಕಪಕ್ಕದ ಎರಡು ಬರೋಗಳು, ಎರಡು ವಿರುದ್ಧ ಪ್ರಯೋಗಗಳು. ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿರಲಿಲ್ಲ. ಹಾಗೆಂದು ವಾಂಡ್ಸ್‌ವರ್ತ್‌ನ ಮತದಾರರು ಮರುಳಾಗಿದ್ದರು ಎಂದೇನೂ ಅಲ್ಲ. 1986ರ ಚುನಾವಣೆಯಲ್ಲಿ ಅಲ್ಲಿ ಕನ್ಸರ್ವೇಟಿವ್ 31, ಲೇಬರ್ 30. ಒಂದೇ ಒಂದು ಸ್ಥಾನದಿಂದ ಕೋಟೆ ಉಳಿಯಿತು.

ಅದನ್ನು ನಿಜವಾಗಿ ಭದ್ರಗೊಳಿಸಿದ್ದು, ವಿಚಿತ್ರವೆಂದರೆ, ದೇಶವೇ ದ್ವೇಷಿಸಿದ ತೆರಿಗೆ. 1990ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಮನೆಗಂದಾಯದ ಬದಲು ತಲೆಗಂದಾಯ ಬಂತು. ಬಂಗಲೆಯಲ್ಲಿರುವ ಶ್ರೀಮಂತನಿಗೂ ಒಂಟಿ ಕೋಣೆಯಲ್ಲಿರುವ ನೌಕರನಿಗೂ ಒಂದು ಬರೋದಲ್ಲಿ ಒಂದೇ ಮೊತ್ತ. ಹಿಂದಿನ ದಿನ ಟ್ರಫಾಲ್ಗರ್ ಚೌಕದಲ್ಲಿ ಪ್ರತಿಭಟನೆ ಗಲಭೆಯಾಗಿ ತಿರುಗಿತ್ತು. ಆದರೆ ವಾಂಡ್ಸ್‌ವರ್ತ್‌ನಲ್ಲಿ ಒಬ್ಬ ವಯಸ್ಕನಿಗೆ ಬಂದ ಬಿಲ್ಲು 148 ಪೌಂಡ್, ದೇಶದಲ್ಲೇ ಅತಿ ಕಡಿಮೆ. ಲ್ಯಾಂಬೆತ್‌ನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಮೇ 3ರ ಚುನಾವಣೆಯಲ್ಲಿ ಕನ್ಸರ್ವೇಟಿವರು ದೇಶದೆಲ್ಲೆಡೆ ನೆಲಕಚ್ಚಿದರೆ ವಾಂಡ್ಸ್‌ವರ್ತ್‌ನಲ್ಲಿ 61ರಲ್ಲಿ 48 ಸ್ಥಾನ ಗೆದ್ದರು. ಪಕ್ಷದ ಅಧ್ಯಕ್ಷ ಕೆನೆತ್ ಬೇಕರ್ ವಾಂಡ್ಸ್‌ವರ್ತ್ ಮತ್ತು ಪಕ್ಷ ಗೆದ್ದಿದ್ದ ಮಧ್ಯ ಲಂಡನ್ನಿನ ಬರೋ ವೆಸ್ಟ್‌ಮಿನ್‌ಸ್ಟರ್ ಎಂಬ ಎರಡು ಹೆಸರುಗಳನ್ನೇ ಎತ್ತಿ ಹಿಡಿದು ಒಂದು ದೊಡ್ಡ ಸೋಲನ್ನು ಗೆಲುವಿನಂತೆ ಮಾರಿದರು. ಜಾಣತನವೇ, ಆದರೆ ನವೆಂಬರಿನಲ್ಲಿ ಥ್ಯಾಚರ್ ಕುರ್ಚಿ ಬಿಡುವುದನ್ನು ಅದು ತಪ್ಪಿಸಲಿಲ್ಲ. ಮರುವರ್ಷ ಕೇಂದ್ರ ಸರ್ಕಾರ ಎಲ್ಲರ ಬಿಲ್ಲಿನಿಂದ 140 ಪೌಂಡ್ ಕಡಿತ ಮಾಡಿದಾಗ, ಅಷ್ಟರಲ್ಲಿ ಇನ್ನೂ ತಗ್ಗಿದ್ದ ವಾಂಡ್ಸ್‌ವರ್ತ್‌ನ ತಲೆಗಂದಾಯ ಸೊನ್ನೆಯಾಯಿತು. ಕಡಿತದ ಖರ್ಚನ್ನು ತುಂಬಲು ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ 17.5ಕ್ಕೆ ಏರಿಸಲಾಗಿತ್ತು. ಅಂದರೆ ವಾಂಡ್ಸ್‌ವರ್ತ್‌ನವರ ಸೊನ್ನೆಗೆ ದೇಶದ ಪ್ರತಿಯೊಬ್ಬ ಗ್ರಾಹಕನೂ ಅಂಗಡಿಯಲ್ಲಿ ತನ್ನ ಪಾಲು ಕೊಟ್ಟಿದ್ದ.

ಇಲ್ಲೇ ಹಳೆಯ ಜಗಳ ಇರುವುದು. ಆ 148 ಪೌಂಡ್ ಮಿತವ್ಯಯದ ಫಲವೋ, ಕೇಂದ್ರದ ಕೃಪೆಯೋ? ಎರಡೂ ಹೌದು. ಗುತ್ತಿಗೆ ಪದ್ಧತಿಯಿಂದ ಖರ್ಚು ಇಳಿದದ್ದು ನಿಜ. ಮನೆಗಳ ಮಾರಾಟದಿಂದ ಬೊಕ್ಕಸ ತುಂಬಿದ್ದೂ ನಿಜ. ಜೊತೆಗೆ, ಒಳ ಲಂಡನ್ನಿನ ಶಾಲೆಗಳನ್ನು ನಡೆಸುತ್ತಿದ್ದ ಪ್ರಾಧಿಕಾರ 1990ರಲ್ಲಿ ರದ್ದಾಗಿ ಆ ಹೊಣೆ ಬರೋಗಳಿಗೆ ಬಂದಾಗ ವಿಶೇಷ ಅನುದಾನವೂ ಹರಿದುಬಂತು. ಸ್ಥಳೀಯ ಸಂಸ್ಥೆಯ ಖರ್ಚಿನ ಸಣ್ಣ ಭಾಗವಷ್ಟೇ ಸ್ಥಳೀಯ ತೆರಿಗೆಯಿಂದ ಬರುವ ವ್ಯವಸ್ಥೆಯಲ್ಲಿ, ಅನುದಾನ ಸ್ವಲ್ಪ ಹೆಚ್ಚಾದರೂ ತೆರಿಗೆ ಭಾರಿಯಾಗಿ ಇಳಿಯುತ್ತದೆ. ಲೇಬರ್ ಪಕ್ಷ ಇದನ್ನು ವರ್ಷಗಟ್ಟಲೆ ಹೇಳುತ್ತಾ ಬಂತು. ಕೈಗೆ ಬಂದ ಬಿಲ್ಲಿನ ಮುಂದೆ ಈ ಲೆಕ್ಕಾಚಾರವನ್ನು ಕೇಳುವ ವ್ಯವಧಾನ ಯಾರಿಗಿರುತ್ತದೆ?

ವೆಸ್ಟ್‌ಮಿನ್‌ಸ್ಟರಿನ ಗೆಲುವಿಗೆ ಇನ್ನೊಂದು ಮಗ್ಗುಲಿತ್ತು. ಅಲ್ಲಿನ ನಾಯಕಿ ಶರ್ಲಿ ಪೋರ್ಟರ್ ಅವರ ಕೌನ್ಸಿಲ್ ಪೈಪೋಟಿಯ ವಾರ್ಡುಗಳಲ್ಲಿ ಬಡ ಬಾಡಿಗೆದಾರರ ಮನೆಗಳನ್ನು, ತಮಗೆ ಮತ ಹಾಕಬಹುದಾದವರಿಗೆ ಮಾರುವ ಯೋಜನೆ ಹೂಡಿತ್ತು. ಮತಕ್ಕಾಗಿ ಮನೆ ಮಾರಿದ ಆ ನಡೆ ಕಾನೂನುಬಾಹಿರ ಎಂದು ದೇಶದ ಅತ್ಯುನ್ನತ ನ್ಯಾಯಪೀಠ 2001ರಲ್ಲಿ ತೀರ್ಪಿತ್ತಿತು. ಪೋರ್ಟರ್ ಕೊನೆಗೆ 2004ರಲ್ಲಿ 1.23 ಕೋಟಿ ಪೌಂಡ್ ಕಟ್ಟಿ ರಾಜಿಯಾದರು.

ವಾಂಡ್ಸ್‌ವರ್ತ್‌ನಲ್ಲಿ ಮುಂದಿನ ಎರಡು ದಶಕ ಹೇಳಿಕೊಳ್ಳುವಂತಹ ಪೈಪೋಟಿಯೇ ಇರಲಿಲ್ಲ. 1992ರಿಂದ 2011ರವರೆಗೆ ಎಡ್ವರ್ಡ್ ಲಿಸ್ಟರ್, ನಂತರ ಭಾರತೀಯ ಮೂಲದ ರವಿ ಗೋವಿಂದಿಯಾ ನಾಯಕರಾಗಿದ್ದರು. 2006ರಲ್ಲಿ 60ರಲ್ಲಿ 51 ಸ್ಥಾನ ಕನ್ಸರ್ವೇಟಿವರದು. ಟೂಟಿಂಗ್‌ನಂತಹ, ದಕ್ಷಿಣ ಭಾರತದ ಹೋಟೆಲುಗಳಿಗೆ ಹೆಸರಾದ ಪ್ರದೇಶಗಳಲ್ಲಿ ಸಂಸತ್ತಿಗೆ ಲೇಬರ್, ಕೌನ್ಸಿಲ್‌ಗೆ ಕನ್ಸರ್ವೇಟಿವ್ ಎಂದು ಮತ ಹಂಚುವವರು ಸಾಕಷ್ಟಿದ್ದರು.

ಆದರೆ ಕೆಳಗಿನ ನೆಲ ಸರಿಯುತ್ತಿತ್ತು. ಎಂಬತ್ತರ ದಶಕದಲ್ಲಿ ಮಾರಿದ ಮನೆಗಳನ್ನು ಕೊಂಡ ಕುಟುಂಬಗಳು ಕೃತಜ್ಞತೆಯಿಂದ ಕನ್ಸರ್ವೇಟಿವರಿಗೆ ಮತ ಹಾಕಿರಬಹುದು. ಮೂವತ್ತು ವರ್ಷಗಳ ನಂತರ ಅಂಥ ಹಲವು ಮನೆಗಳು ಮತ್ತೊಬ್ಬರ ಕೈಗೆ ಹೋಗಿ, ಹಂಚಿ ವಾಸಿಸುವ ಯುವಜನರಿಗೆ ದುಬಾರಿ ಬಾಡಿಗೆಗೆ ಸಿಗತೊಡಗಿದ್ದವು. ಸ್ವಂತ ಮನೆಯುಳ್ಳವರ ಸಮಾಜ ಕಟ್ಟಲು ಹೊರಟ ನೀತಿ ಕೊನೆಗೆ ಬಾಡಿಗೆದಾರರ ಊರೊಂದನ್ನು ಕಟ್ಟಿತು. 2016ರ ಜನಮತಗಣನೆಯಲ್ಲಿ ಈ ಬರೋದ ಶೇ 75ರಷ್ಟು ಮತ ಐರೋಪ್ಯ ಒಕ್ಕೂಟದಲ್ಲಿ ಉಳಿಯುವ ಪರ ಬಿತ್ತು. ಬ್ರೆಕ್ಸಿಟ್ ಕನ್ಸರ್ವೇಟಿವರ ಗುರುತೇ ಆದಾಗ ಪಕ್ಷ ಮತ್ತು ಮತದಾರರ ನಡುವೆ ಬಿರುಕು ಬಿಟ್ಟಿತು. 2019ರ ಡಿಸೆಂಬರಿನಲ್ಲಿ ಲೇಬರ್ ದೇಶದಲ್ಲಿ ಹೀನಾಯವಾಗಿ ಸೋತಾಗ ಹೊಸದಾಗಿ ಕಿತ್ತುಕೊಂಡ ಏಕೈಕ ಸಂಸತ್ ಕ್ಷೇತ್ರ ಇಲ್ಲಿನ ಪಟ್ನಿ. ಅಲ್ಲಿಗೆ ಬರೋದ ಮೂರೂ ಸಂಸತ್ ಕ್ಷೇತ್ರಗಳು ಲೇಬರ್ ಪಾಲಾಗಿದ್ದವು.

ಅದಕ್ಕೂ ಮೊದಲೇ, 2018ರ ಕೌನ್ಸಿಲ್ ಚುನಾವಣೆಯಲ್ಲಿ, ಲೇಬರ್‌ಗೆ ಒಟ್ಟು ಮತಗಳು ಕನ್ಸರ್ವೇಟಿವರಿಗಿಂತ ತುಸು ಹೆಚ್ಚೇ ಬಿದ್ದಿದ್ದವು. ಸ್ಥಾನಗಳು ಮಾತ್ರ 26 ಮತ್ತು 33. ಒಂದೊಂದು ವಾರ್ಡಿಗೂ ಎರಡು ಅಥವಾ ಮೂವರು ಸದಸ್ಯರು, ಮತದಾರನಿಗೆ ಅಷ್ಟೇ ಮತ, ಹೆಚ್ಚು ಮತ ಪಡೆದವರು ಗೆದ್ದಂತೆ. ಇಂತಹ ಪದ್ಧತಿಯಲ್ಲಿ ಮತ ಎಲ್ಲಿ ಬಿತ್ತು ಎಂಬುದೇ ಮುಖ್ಯವಾಗುತ್ತದೆ. ಮತಗಟ್ಟೆಯಲ್ಲಿ ಇಂದಿಗೂ ಕಾಗದ ಮತ್ತು ಪೆನ್ಸಿಲ್; ಬೆರಳಿಗೆ ಶಾಯಿಯಿಲ್ಲ. ಗುರುತಿನ ಚೀಟಿ ಕಡ್ಡಾಯವಾದದ್ದು 2023ರಿಂದ. ಕಾಮನ್‌ವೆಲ್ತ್ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಆದ್ದರಿಂದ ವೀಸಾ ಮೇಲೆ ಹೋಗಿ ಟೂಟಿಂಗ್‌ನಲ್ಲಿ ನೆಲೆಸಿದ ಕನ್ನಡಿಗರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೆಸರು ನೋಂದಾಯಿಸಿ ಮತ ಹಾಕಬಹುದು. ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ.

2022ಕ್ಕೆ ಬಂದಾಗ ಉಳಿದದ್ದು ಒಂದು ತಳ್ಳುವಿಕೆ. ಕೋವಿಡ್ ನಿರ್ಬಂಧದ ದಿನಗಳಲ್ಲಿ ಪ್ರಧಾನಿ ನಿವಾಸದಲ್ಲಿ ನಡೆದ ಕೂಟವೊಂದಕ್ಕಾಗಿ ಬೋರಿಸ್ ಜಾನ್ಸನ್ ಅವರಿಗೆ ಏಪ್ರಿಲ್‌ನಲ್ಲಷ್ಟೇ ಪೊಲೀಸರು ದಂಡ ಹಾಕಿದ್ದರು; ಬೆಲೆಗಳು ಏರುತ್ತಿದ್ದವು. ಮತ ಎಣಿಕೆಯ ಅದೇ ರಾತ್ರಿ ವೆಸ್ಟ್‌ಮಿನ್‌ಸ್ಟರ್ ಕೂಡ 1964ರ ಮೊದಲ ಚುನಾವಣೆಯ ನಂತರ ಮೊತ್ತಮೊದಲ ಬಾರಿಗೆ ಲೇಬರ್ ಪಾಲಾಯಿತು: 31 ಮತ್ತು 23. ಉತ್ತರ ಲಂಡನ್ನಿನ ಬಾರ್ನೆಟ್ ಬರೋದಲ್ಲೂ ಲೇಬರ್‌ಗೆ ಬಹುಮತ ಬಂತು. ಆದರೆ ಜಾನ್ಸನ್ ಒಬ್ಬರ ಮೇಲೆ ಎಲ್ಲವನ್ನೂ ಹೊರಿಸಿದರೆ ಇನ್ನೊಂದು ಸಂಗತಿ ಕಣ್ತಪ್ಪುತ್ತದೆ. ಸೈಮನ್ ಹಾಗ್ ನೇತೃತ್ವದ ಲೇಬರ್ ಮನೆಮನೆಗೆ ಹಂಚಿದ ಭರವಸೆಗಳಲ್ಲಿ ಪ್ರಮುಖವಾದದ್ದು, ಈಗಿರುವ ಕಡಿಮೆ ತೆರಿಗೆಯನ್ನೇ ಮುಂದುವರಿಸುತ್ತೇವೆ ಎಂಬುದು. ನಾಲ್ಕು ದಶಕ ಯಾವ ಅಸ್ತ್ರದಿಂದ ಸೋತರೋ ಆ ಅಸ್ತ್ರವನ್ನು ತಾವೇ ಹಿಡಿದುಕೊಂಡರು. ಲೇಬರ್ ಬಂದರೆ ತೆರಿಗೆ ಏರುತ್ತದೆ ಎಂಬ ಹೆದರಿಕೆ ಹೋದ ಮೇಲೆ ಕನ್ಸರ್ವೇಟಿವರಿಗೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ.

ಈ ಅಗ್ಗದ ತೆರಿಗೆ ಯಾರಿಗೆ ಎಷ್ಟು ಲಾಭ ತರುತ್ತದೆ ಎಂಬುದನ್ನು ಮಾತ್ರ ಎರಡೂ ಪಕ್ಷಗಳು ಕೆದಕಲಿಲ್ಲ. ತಲೆಗಂದಾಯದ ಜಾಗಕ್ಕೆ 1993ರಲ್ಲಿ ಬಂದ ಕೌನ್ಸಿಲ್ ತೆರಿಗೆ ಮನೆಗಳನ್ನು 1991ರ ಬೆಲೆಯ ಆಧಾರದಲ್ಲಿ ಎಂಟು ದರ್ಜೆಗಳಾಗಿ ವಿಂಗಡಿಸುತ್ತದೆ. ಅತಿ ಮೇಲಿನ ದರ್ಜೆಗೆ ಮಧ್ಯಮ ದರ್ಜೆಯ ಎರಡು ಪಟ್ಟಷ್ಟೇ ತೆರಿಗೆ, ಅದಕ್ಕಿಂತ ಹೆಚ್ಚಿಲ್ಲ. 1983ರಲ್ಲಿ ವಿದ್ಯುತ್ ಉತ್ಪಾದನೆ ನಿಲ್ಲಿಸಿದ ಬ್ಯಾಟರ್‌ಸಿ ವಿದ್ಯುತ್ ಸ್ಥಾವರ ಈಗ ಐಷಾರಾಮಿ ಫ್ಲಾಟುಗಳ ಸಮುಚ್ಚಯ. ಅಲ್ಲಿನ ಅತಿ ದುಬಾರಿ ಫ್ಲಾಟಿನ ಒಡೆಯನಿಗೂ ಲೇಬರ್ ಗೆದ್ದ ವರ್ಷ ಬಂದ ವಾರ್ಷಿಕ ಬಿಲ್ಲು ಎರಡು ಸಾವಿರ ಪೌಂಡಿಗಿಂತ ಕಡಿಮೆ. ಈಶಾನ್ಯ ಇಂಗ್ಲೆಂಡಿನ ಬಡ ಪಟ್ಟಣ ಹಾರ್ಟ್ಲ್‌ಪೂಲ್‌ನಲ್ಲಿ ಮಧ್ಯಮ ದರ್ಜೆಯ ಸಾಧಾರಣ ಮನೆಯವರು ಅದಕ್ಕಿಂತ ಹೆಚ್ಚು ಕಟ್ಟಿದರು. ವೇಲ್ಸ್ 2005ರಲ್ಲಿ ತನ್ನ ಮನೆಗಳ ಬೆಲೆಯನ್ನು ಹೊಸದಾಗಿ ಅಳೆಯಿತು. ಇಂಗ್ಲೆಂಡಿನಲ್ಲಿ 2007ಕ್ಕೆಂದು ಹಾಕಿಕೊಂಡಿದ್ದ ಮರುಮೌಲ್ಯಮಾಪನವನ್ನು ಅಂದಿನ ಲೇಬರ್ ಸರ್ಕಾರವೇ ಎರಡು ವರ್ಷ ಮೊದಲು ಕೈಬಿಟ್ಟಿತು.