ಮಗಳಿಗೆ ಮಲಯಾಳ ಬೇಡವಂತೆ, ಆನ್‌ಲೈನ್ ಕ್ಲಾಸಿಗೆ ಸೇರಿಸಲಾ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ಕ್ಲಾಸು. ಮಲಯಾಳ ಎಂದರೆ ಮುಖ ತಿರುಗಿಸುತ್ತಾಳೆ. ಅಂಗಡಿಯಲ್ಲಿ ಯಾರಾದರೂ ಮಲಯಾಳದಲ್ಲಿ ಮಾತಾಡಿಸಿದರೆ ನನ್ನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾಳೆ. ಮುಂದೆ ಕಾಲೇಜು, ನೌಕರಿ ಎಲ್ಲ ಇಲ್ಲೇ ಅಲ್ವಾ? ಆನ್‌ಲೈನ್ ಕ್ಲಾಸಿನವರೊಬ್ಬರು ವರ್ಷದ ಫೀಸು ಒಟ್ಟಿಗೆ ಕಟ್ಟಿ ಎನ್ನುತ್ತಿದ್ದಾರೆ. ಸೇರಿಸಲಾ? ಸೇರಿಸಿದರೆ ಕಲಿತಾಳಾ?

ಉತ್ತರ: ಅಕ್ಕಾ, ಈ ಪ್ರಶ್ನೆ ನಿಮ್ಮ ಮನೆಯದ್ದು ಮಾತ್ರ ಅಲ್ಲ. ಪೆರ್ಲ, ಕುಂಬಳೆ, ಉಪ್ಪಳ, ಬಾಯಾರು, ಎಲ್ಲಿ ಹೋದರೂ ಕನ್ನಡ ಮಾಧ್ಯಮದ ಮಕ್ಕಳ ಹೆತ್ತವರು ಇದನ್ನೇ ಕೇಳುತ್ತಾರೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆನ್‌ಲೈನ್ ಕ್ಲಾಸು ಕೆಟ್ಟದ್ದಲ್ಲ, ಸೇರಿಸಬಹುದು. ಆದರೆ ಈ ತಿಂಗಳು ಬೇಡ. ವರ್ಷದ ಫೀಸು ಒಟ್ಟಿಗೆ ಕಟ್ಟುವುದಂತೂ ಬೇಡವೇ ಬೇಡ. ಈಗಿರುವ ಮನಸ್ಸಿನಲ್ಲಿ ಫೋನಿನ ಮುಂದೆ ಕೂರಿಸಿದರೆ ಕ್ಯಾಮರಾ ಆಫ್ ಮಾಡಿ ಸುಮ್ನೆ ಕೂತಿರುತ್ತಾಳೆ, ಅಷ್ಟೆ. ಯಾಕೆ ಬೇಡ ಅನ್ನುತ್ತಾಳೆ ಎಂದು ಮೊದಲು ನೋಡೋಣ.

ನಮ್ಮ ಮನೆಗಳಲ್ಲಿ ಮಲಯಾಳದ ಮಾತು ಬರುವುದು ಹೇಗೆ? 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಬರಬೇಕು ಎಂದು 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಆಮೇಲೂ ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಲು ಹಾಕಿದ್ದಕ್ಕೆ ಹೆತ್ತವರು ಪ್ರತಿಭಟನೆಗೆ ಕೂತದ್ದಿದೆ. ಸಿಟ್ಟಿಗೆ ಕಾರಣ ಇದೆ. ಆ ಸಿಟ್ಟು ಊಟದ ಹೊತ್ತಿನಲ್ಲಿ ಮಾತಾಗಿ ಬರುತ್ತದೆ, ಮಕ್ಕಳು ಕೇಳಿಸಿಕೊಳ್ಳುತ್ತಾರೆ. 'ಮಲಯಾಳ ಹೇರುತ್ತಾರೆ' ಎಂದು ಅಜ್ಜ ಹೇಳಿ ಮುಗಿಸುವಾಗ, 'ಮಲಯಾಳ ಬಾರದಿದ್ದರೆ ನಿನಗೆ ಕೆಲಸ ಸಿಗಲಿಕ್ಕಿಲ್ಲ' ಎಂದು ಅಮ್ಮ ಹೇಳಿದರೆ ಎಂಟನೇ ಕ್ಲಾಸಿನ ಹುಡುಗಿ ಯಾರ ಮಾತು ಕೇಳಬೇಕು? ಎರಡರಲ್ಲೂ ಅವಳಿಗೆ ಸಿಗುವುದು ಹೆದರಿಕೆಯೇ.

ಹಕ್ಕಿನ ಮಾತು ಬಿಡಿ ಎಂದು ನಾನು ಹೇಳುವುದಿಲ್ಲ. ಕನ್ನಡದಲ್ಲಿ ಓದುವುದು, ಕನ್ನಡ ಬಲ್ಲ ಅಧ್ಯಾಪಕರು ಸಿಗುವುದು ಅವಳ ಹಕ್ಕು. ಅದನ್ನು ಸರಕಾರದ ಹತ್ತಿರ ಗಟ್ಟಿಯಾಗಿ ಕೇಳೋಣ. ಆದರೆ ಪಕ್ಕದ ಮನೆಯ ಮಲಯಾಳಿ ಹುಡುಗಿಗೂ ಆ ಜಗಳಕ್ಕೂ ಸಂಬಂಧ ಇಲ್ಲ. ಅವಳೊಟ್ಟಿಗೆ ನಿಮ್ಮ ಮಗಳು ಆಡಬೇಕು, ನಗಬೇಕು. ಇದನ್ನು ಅಜ್ಜನ ಬಾಯಲ್ಲೇ ಒಮ್ಮೆ ಹೇಳಿಸಿ. ಬೇರೆ ಯಾರು ಹೇಳಿದ್ದಕ್ಕಿಂತಲೂ ಅದು ಜಾಸ್ತಿ ನಾಟುತ್ತದೆ.

ಮಲಯಾಳ ಬಂದರೆ ಕನ್ನಡ ಹೋಗುತ್ತದೆ ಎಂಬ ಭಯವೂ ಹಲವು ಮನೆಗಳಲ್ಲಿದೆ. ಕೆನಡಾದ ಮಾಂಟ್ರಿಯಲ್ ಹತ್ತಿರ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಯ ಪುಟ್ಟ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಶುರು ಮಾಡಿದರು. ವಾಲೆಸ್ ಲ್ಯಾಂಬರ್ಟ್ ಎಂಬ ಮನಃಶಾಸ್ತ್ರಜ್ಞರು ಅವರನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳ ಇಂಗ್ಲಿಷಿಗೆ ಏನೂ ಆಗಲಿಲ್ಲ, ಫ್ರೆಂಚ್ ಹೆಚ್ಚುವರಿಯಾಗಿ ಬಂತು. ಆದರೆ ಇದೇ ಲ್ಯಾಂಬರ್ಟ್ ಇನ್ನೊಂದು ಮಾತನ್ನೂ ಹೇಳಿದ್ದಾರೆ. ಮನೆಮಾತಿಗೆ ಹೊರಗೆ ಬಲ ಇದ್ದರೆ ಎರಡನೆಯ ಭಾಷೆ ಅದಕ್ಕೆ ಕೂಡುತ್ತದೆ, ಬಲ ಇಲ್ಲದಿದ್ದರೆ ಅದನ್ನು ಕಳೆಯುತ್ತದೆ. ಕೆನಡಾದಲ್ಲಿ ಇಂಗ್ಲಿಷಿಗಿದ್ದ ಬಲ ಕಾಸರಗೋಡಿನಲ್ಲಿ ಕನ್ನಡಕ್ಕೆ ಇಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಮಲಯಾಳ ಶುರುವಾಗುವ ದಿನವೇ ಕನ್ನಡದ ಓದೂ ಜಾಸ್ತಿಯಾಗಲಿ. ವಾಚನಾಲಯದಿಂದ ಪುಸ್ತಕ ತನ್ನಿ, ಪೇಪರ್ ಗಟ್ಟಿಯಾಗಿ ಓದಿಸಿ. ತನ್ನ ಕನ್ನಡ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಕಣ್ಣಿಗೆ ಕಾಣಬೇಕು.

ಇನ್ನು ನೌಕರಿ. ಸರಕಾರಿ ನೌಕರಿಯ ಪರೀಕ್ಷೆ ನಡೆಸುವ ಕೇರಳ ಪಿ.ಎಸ್.ಸಿ.ಯವರು ಕೆಲವು ಪರೀಕ್ಷೆಗಳಿಗೆ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಮೇಲೆ ಮೇಜಿಗೆ ಬರುವ ಫೈಲು ಹೆಚ್ಚಾಗಿ ಮಲಯಾಳದ್ದೇ. ನೀವು ಹೇಳುವುದು ಸರಿ, ಬೇಕಾಗುತ್ತದೆ. ಆದರೆ ಅದು ಅವಳ ಪಾಲಿಗೆ ಹತ್ತು ವರ್ಷದ ಆಚೆಯ ಮಾತು. ಅಷ್ಟು ದೂರದ್ದನ್ನು ತೋರಿಸಿ ಇವತ್ತು ಸಂಜೆ ಪುಸ್ತಕ ತೆಗೆಸುವುದು ಕಷ್ಟ. 1959ರಲ್ಲಿ ರಾಬರ್ಟ್ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುವ ಹೈಸ್ಕೂಲ್ ಮಕ್ಕಳನ್ನು ನೋಡಿದರು. ಆ ಭಾಷೆಯ ಜನರೊಟ್ಟಿಗೆ ಬೆರೆಯುವ ಆಸೆ ಇದ್ದವರು ಬರೀ ಉಪಯೋಗಕ್ಕೆಂದು ಕಲಿಯುವವರಿಗಿಂತ ಮುಂದೆ ಇದ್ದರು. 1991ರಲ್ಲಿ ಗಾರ್ಡ್ನರ್ ಮತ್ತು ಪೀಟರ್ ಮ್ಯಾಕಿಂಟೈರ್ ಇನ್ನೊಂದು ಪ್ರಯೋಗ ಮಾಡಿದರು. ಪದ ಕಲಿತರೆ 10 ಡಾಲರ್ ಬಹುಮಾನ ಎಂದರು. ವಿದ್ಯಾರ್ಥಿಗಳು ಚೆನ್ನಾಗಿಯೇ ಕಲಿತರು. ಬಹುಮಾನ ಸಿಗುವ ಹಾಗಿಲ್ಲ ಎಂದಾದ ಕೂಡಲೇ ಆ ಹೆಚ್ಚಿನ ಶ್ರಮವೂ ನಿಂತಿತು. ಮಲಯಾಳದಲ್ಲಿ ಪಾಸಾದರೆ ಹೊಸ ಫೋನು ಎಂದು ಹೇಳುವ ಮೊದಲು ಇದು ನೆನಪಿರಲಿ.

ಹಾಗಾದರೆ ಹತ್ತಿರದ ಕಾರಣ ಯಾವುದು? ನಿಮ್ಮ ಫೋನಿನಲ್ಲೇ ಒಂದಿದೆ. ಕೇರಳದ ಹೆಂಗಸರ ಸ್ವಸಹಾಯ ಯೋಜನೆ ಕುಟುಂಬಶ್ರೀಯಲ್ಲಿ ನೀವಿದ್ದರೆ, ಅಯಲ್‌ಕೂಟದ, ಅಂದರೆ ನೆರೆಹೊರೆಯ ಸಂಘದ ವಾಟ್ಸಾಪ್ ಗ್ರೂಪಿಗೆ ಮಲಯಾಳದಲ್ಲಿ ವಾಯ್ಸ್ ಮೆಸೇಜ್ ಬರುತ್ತದೆ. ಮೀಟಿಂಗು ಯಾವಾಗ, ಸಾಲದ ಕಂತು ಎಷ್ಟು, ಪಂಚಾಯತಿನಿಂದ ತರಕಾರಿ ಸಸಿ ಬಂದಿದೆಯಾ. ಅದನ್ನು ಮಗಳಿಗೆ ಕೇಳಿಸಿ, 'ಇವರು ಏನು ಹೇಳಿದ್ದು, ನನಗೆ ಸರಿ ಗೊತ್ತಾಗಲಿಲ್ಲ' ಎನ್ನಿ. ಅರ್ಧ ನಿಮಿಷದ ಮೆಸೇಜು, ಬೇಕಾದರೆ ನಾಲ್ಕು ಸಲ ಕೇಳಬಹುದು. ವಿಷಯ ಗೊತ್ತಿರುವುದರಿಂದ ಅರ್ಧ ಊಹೆಯಲ್ಲೇ ತಿಳಿಯುತ್ತದೆ. ಅವಳು ಹೇಳಿದ್ದು ಸರಿಯಾಗಿ, ಅದರ ಪ್ರಕಾರ ನೀವು ಮೀಟಿಂಗಿಗೆ ಹೋಗಿ ಬಂದರೆ, ಆ ದಿನ ಮನೆಗೆ ಅವಳಿಂದ ಒಂದು ಉಪಕಾರ ಆಯಿತು. ಪಂಚಾಯತಿನ ನೋಟೀಸು, ರೇಷನ್ ಅಂಗಡಿಯ ಬೋರ್ಡು, ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದ ಫಾರಂ, ಒಂದೊಂದಾಗಿ ಅವಳ ಕೈಗೆ ಬರಲಿ. ತಪ್ಪು ಓದಿದರೆ ನಗಬೇಡಿ. ನೆಂಟರು ಬಂದಾಗ 'ನಮ್ಮವಳಿಗೆ ಮಲಯಾಳ ಬರುವುದಿಲ್ಲ' ಎಂದು ಹೇಳುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಹತ್ತು ಸಲ ಕೇಳಿದರೆ ಅದನ್ನು ಅವಳೇ ನಂಬುತ್ತಾಳೆ.

ಇದಕ್ಕಿಂತ ಸಂತೋಷದ ವಿಷಯ ಒಂದಿದೆ. ಅವಳಿಗೆ ಅರ್ಧ ಮಲಯಾಳ ಈಗಲೇ ಗೊತ್ತು, ಅದನ್ನು ಯಾರೂ ಅವಳಿಗೆ ತೋರಿಸಿಕೊಟ್ಟಿಲ್ಲ. ಕನ್ನಡದಲ್ಲಿ ಪದದ ಮೊದಲಿಗೆ 'ಹ' ಇದ್ದಲ್ಲಿ ಮಲಯಾಳದಲ್ಲಿ ಹಲವು ಕಡೆ 'ಪ' ಇರುತ್ತದೆ. ಹಾಲು ಪಾಲ್, ಹಲ್ಲು ಪಲ್ಲ್, ಹೂವು ಪೂವ್. ತುಳು ಮನೆಯ ಹುಡುಗಿಗೆ ಇದು ಇನ್ನೂ ಸುಲಭ. ಹತ್ತಕ್ಕೆ ತುಳುವಿನಲ್ಲೂ ಪತ್ತ್, ಮಲಯಾಳದಲ್ಲೂ ಪತ್ತ್. ಕನ್ನಡದ 'ಬ' ಹಲವು ಪದಗಳಲ್ಲಿ 'ವ' ಆಗುತ್ತದೆ. ಬೇರು ವೇರ್, ಬೆರಳು ವಿರಲ್, ಬಾ ವಾ. ಇಂಥ ಪದಗಳನ್ನು ನೀವು ಹೇಳಿಕೊಡಬೇಡಿ. ಒಂದು ಹಾಳೆಯಲ್ಲಿ ಕನ್ನಡ ಪದ ಬರೆದು, ಮಲಯಾಳದಲ್ಲಿ ಏನಿರಬಹುದು ಎಂದು ಅವಳೇ ಊಹಿಸಲಿ. ಒಂದು ಸರಿಯಾದರೆ ಇನ್ನೊಂದು ಕೇಳುತ್ತಾಳೆ.

ಕ್ರಿಯಾಪದ ಕನ್ನಡಕ್ಕಿಂತ ಸುಲಭ. ನಾವು ನಾನು ಬಂದೆ, ಅವನು ಬಂದ, ಅವಳು ಬಂದಳು, ಅವರು ಬಂದರು ಎಂದು ಒಬ್ಬೊಬ್ಬರಿಗೂ ಬಾಲ ಬದಲಿಸುತ್ತೇವೆ. ಮಲಯಾಳದಲ್ಲಿ ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಎಲ್ಲರಿಗೂ ಒಂದೇ 'ವನ್ನು'. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿದರೆ ಎಷ್ಟು ಧೈರ್ಯ ಬರುತ್ತದೆ ಗೊತ್ತಾ?

ಎಡವುವ ಜಾಗಗಳೂ ಇವೆ. ಯಾರಾದರೂ 'ಪೇರೆಂದಾ?' ಎಂದು ಕೇಳಿದರೆ ತುಳು ಮಕ್ಕಳಿಗೆ ಪೇರ್ ಎಂದರೆ ಹಾಲು. ಮಲಯಾಳದಲ್ಲಿ ಅದು ಹೆಸರು. ಕನ್ನಡದಲ್ಲಿ ಹೇಳಿದ ಹಾಗೇ ಬರೆಯುತ್ತೇವೆ. ಮಲಯಾಳದಲ್ಲಿ 'ಮಕಳ್' ಎಂದು ಬರೆದು ಹೆಚ್ಚುಕಡಿಮೆ 'ಮಗಳ್' ಎಂದು ಹೇಳುತ್ತಾರೆ. 'ವಾತಿಲ್' ಎಂದು ಬರೆದದ್ದು ಬಾಯಲ್ಲಿ 'ವಾದಿಲ್', ಅಂದರೆ ನಮ್ಮ ಬಾಗಿಲು. ಕನ್ನಡದ ರೂಢಿಯಲ್ಲಿ ಅಕ್ಷರ ನೋಡಿ ಓದುವ ಮಗು ಇಲ್ಲಿ ತಪ್ಪುತ್ತದೆ, ಕ್ಲಾಸಿನಲ್ಲಿ ಯಾರೋ ನಗುತ್ತಾರೆ, ಅಲ್ಲಿಗೆ ಬಾಯಿ ಮುಚ್ಚುತ್ತದೆ. ಪದದ ಕೊನೆಯ ನ್, ಣ್, ರ್, ಲ್, ಳ್‌ಗಳಿಗೆ ಬೇರೆಯೇ ಅಕ್ಷರ, ಅದಕ್ಕೆ ಚಿಲ್ಲು ಎನ್ನುತ್ತಾರೆ. ಅದನ್ನು ಒಂದು ವಾರ ಬರೆದು ರೂಢಿ ಮಾಡಿದರೆ ಸಾಕು. ಉಳಿದ ಅಕ್ಷರಮಾಲೆಯ ಕ್ರಮ ನಮ್ಮದೇ.

ಇನ್ನೊಂದು ವಿಷಯ ಕಾಸರಗೋಡಿನದ್ದೇ. ಪುಸ್ತಕದಲ್ಲಿ ನೀರಿಗೆ 'ವೆಳ್ಳಂ'. ನಮ್ಮ ಕಡೆಯ ಮಲಯಾಳಿಗಳ ಬಾಯಲ್ಲಿ 'ಬೆಳ್ಳಂ'. ಅವನ್, ಅವಳ್ ಎಂಬುದು ಓನ್, ಓಳ್ ಆಗುತ್ತದೆ. ಎಲ್ಲೋ ತೆಂಕಣ ಜಿಲ್ಲೆಯಲ್ಲಿ ಕೂತು ಆನ್‌ಲೈನ್ ಪಾಠ ಮಾಡುವ ಟೀಚರಿಗೆ ಇದು ನೆನಪಾಗಲಿಕ್ಕಿಲ್ಲ. ಮಗು ಪುಸ್ತಕದ ಮಲಯಾಳ ಕಲಿತು ಅಂಗಡಿಗೆ ಹೋದರೆ ಬೇರೇನೋ ಕೇಳಿಸುತ್ತದೆ, ತನಗೆ ಬಂದೇ ಇಲ್ಲ ಅಂದುಕೊಳ್ಳುತ್ತದೆ. ಎರಡೂ ಮಲಯಾಳವೇ, ಒಂದು ಪರೀಕ್ಷೆಗೆ ಇನ್ನೊಂದು ಊರಿಗೆ ಎಂದು ಮೊದಲೇ ಹೇಳಿಡಿ.

ಈಗ ಆನ್‌ಲೈನ್. ಕೊರೊನಾಕ್ಕೆ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ಕ್ಕೆ ಕೇರಳ ಸರಕಾರದ ಶಿಕ್ಷಣ ಟಿ.ವಿ. ಕೈಟ್ ವಿಕ್ಟರ್ಸ್ ಚಾನೆಲಿನಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾದಾಗ ಈ ಜಿಲ್ಲೆಯ ಮನೆಗಳೆಲ್ಲ ಇದರ ರುಚಿ ನೋಡಿವೆ. ಒಳ್ಳೆಯದೂ ಗೊತ್ತು, ಕಷ್ಟವೂ ಗೊತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ, ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪಾಠ ಅಲ್ಲಿಗೇ ನಿಂತಿತು. ಹಾಗಂತ ಲಾಭ ಸಣ್ಣದಲ್ಲ. ರೆಕಾರ್ಡ್ ಮಾಡಿದ ಪಾಠವನ್ನು ನಿಲ್ಲಿಸಿ ಮತ್ತೆ ಕೇಳಬಹುದು. ಮೇಲೆ ಹೇಳಿದ ಮಕಳ್–ಮಗಳ್ ಥರದ ವಿಷಯಕ್ಕೆ ಕಿವಿಯಿಂದ ಕಲಿಯುವುದೇ ದಾರಿ. ಅಕ್ಷರ ಬರೆಯುವ ಕ್ರಮ ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ತಪ್ಪಿದರೆ ನಗುವ ಸಹಪಾಠಿ ಪಕ್ಕದಲ್ಲಿಲ್ಲ. ನಿಮ್ಮ ಮಗಳಂಥ ನಾಚಿಕೆಯ ಮಕ್ಕಳಿಗೆ ಇದು ದೊಡ್ಡ ಸಮಾಧಾನ.

ಕೊರತೆ ಇರುವುದು ಮಾತಿನಲ್ಲಿ. 45 ನಿಮಿಷದ ಕ್ಲಾಸಿನಲ್ಲಿ 30 ಮಕ್ಕಳಿದ್ದರೆ, ಟೀಚರ್ ಬಾಯಿಯೇ ತೆರೆಯದಿದ್ದರೂ ಒಬ್ಬೊಬ್ಬರಿಗೆ ಒಂದೂವರೆ ನಿಮಿಷ. ಆ ಹೊತ್ತಿನಲ್ಲಿ ಮಾತು ಬರುವುದಿಲ್ಲ. ಮುಗಿಸುವವರೂ ಕಡಿಮೆ. ಹಾರ್ವರ್ಡ್ ಮತ್ತು ಎಂ.ಐ.ಟಿ.ಯ ಆನ್‌ಲೈನ್ ಕೋರ್ಸುಗಳಿಗೆ ಸೇರಿದವರಲ್ಲಿ 2017–18ರಲ್ಲಿ ನೂರಕ್ಕೆ ಸುಮಾರು 3 ಮಂದಿ ಮುಗಿಸಿದರು. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆ ಸೇರಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಮುಗಿಸಲಿಲ್ಲ. ಅವರೆಲ್ಲ ತಾವೇ ಬಯಸಿ ಸೇರಿದವರು. ನಿಮ್ಮ ಮಗಳು ಬಯಸಿಯೂ ಇಲ್ಲ.

2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿ ನೋಡಿದರು. ಎದುರು ಕೂತು ಆಡಿಸುತ್ತಾ ಮಾತಾಡಿದಾಗ ಮಕ್ಕಳು ಆ ಧ್ವನಿಗಳನ್ನು ಗುರುತಿಸಲು ಕಲಿತರು. ಅದೇ ಮಾತನ್ನು ಟಿ.ವಿ.ಯಲ್ಲಿ ತೋರಿಸಿದಾಗ ಕಲಿಯಲಿಲ್ಲ. 2018ರಲ್ಲಿ ಅವರ ತಂಡ ಇನ್ನೊಂದು ರೀತಿ ಮಾಡಿತು. ವಿಡಿಯೊ ಮುಂದೆ ಒಂದರ ಬದಲು ಎರಡು ಮಕ್ಕಳನ್ನು ಒಟ್ಟಿಗೆ ಕೂರಿಸಿದರು. ಆಗ ವಿಡಿಯೊದಿಂದಲೂ ಕಲಿತ ಗುರುತು ಕಂಡಿತು. ಅವು ಎಳೆಯ ಮಕ್ಕಳು, ನಿಮ್ಮ ಮಗಳು ದೊಡ್ಡವಳು. ಹಾಗಾಗಿ ಇದನ್ನು ಹಾಗೇ ತಂದು ಇಲ್ಲಿ ಕೂರಿಸುವುದು ಸರಿಯಲ್ಲ. ಆದರೂ ಜೊತೆಗೊಬ್ಬರು ಬೇಕು ಎಂಬ ಮಾತು ನನಗೆ ಬಹಳ ಹಿಡಿಸಿದೆ. ಅವಳ ಕ್ಲಾಸಿನಲ್ಲೇ ಮಲಯಾಳಕ್ಕೆ ಹೆದರುವ ಇನ್ನೊಬ್ಬಳು ಇದ್ದೇ ಇರುತ್ತಾಳೆ. ಇಬ್ಬರನ್ನೂ ಒಂದೇ ಫೋನಿನ ಮುಂದೆ ಕೂರಿಸಿ. ಫೀಸೂ ಹಂಚಿ ಹೋಗುತ್ತದೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ಮೊದಲ ಎರಡು ತಿಂಗಳು ಮನೆಯ ಮೆಸೇಜು, ನೋಟೀಸು ಮತ್ತು ಪಕ್ಕದ ಮನೆಯ ಒಬ್ಬ ಚೇಚಿ, ಅಂದರೆ ಮಲಯಾಳಿ ಅಕ್ಕ. ವಾರಕ್ಕೆ ಎರಡು ಸಂಜೆ ಚೇಚಿಯ ಹತ್ತಿರ ಅಡುಗೆಯೋ ಹೊಲಿಗೆಯೋ ಕಲಿಯಲು ಹೋಗಲಿ, ಮಲಯಾಳ ಕಲಿಯಲಿಕ್ಕೆ ಎಂದು ಹೇಳಬೇಡಿ. ಅಕ್ಷರಕ್ಕೆ ಕೇರಳ ಸರಕಾರದ ಮಲಯಾಳಂ ಮಿಷನ್‌ನ ಮೊದಲ ಹಂತ 'ಕಣಿಕ್ಕೊನ್ನ' ಒಳ್ಳೆಯದು. ಕೇರಳದ ಹೊರಗೆ ಬೆಳೆಯುವ ಮಲಯಾಳಿ ಮಕ್ಕಳಿಗೆಂದು ಮಾಡಿದ ಪಾಠ ಅದು. ಮಲಯಾಳಿ ಮಕ್ಕಳೇ ಬೆಂಗಳೂರಿನಲ್ಲಿ, ಗಲ್ಫಿನಲ್ಲಿ ಅಲ್ಲಿಂದಲೇ ಶುರು ಮಾಡುತ್ತಾರೆ ಎಂದು ತಿಳಿದರೆ ಅವಳಿಗೆ ನಾಚಿಕೆ ಕಡಿಮೆಯಾಗುತ್ತದೆ. ಆಮೇಲೆ, ಅವಳೇ 'ಇದನ್ನು ಹೇಗೆ ಹೇಳುವುದು' ಎಂದು ಕೇಳಲು ಶುರು ಮಾಡಿದ ಮೇಲೆ, ಆನ್‌ಲೈನ್ ಕ್ಲಾಸು ನೋಡಿ.

ಸೇರಿಸುವ ಮುಂಚೆ ಒಂದು ಟ್ರಯಲ್ ಕ್ಲಾಸು ಕೇಳಿ, ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಟೀಚರಿಗೆ ಕನ್ನಡವೋ ತುಳುವೋ ಬರುತ್ತದಾ, ರೆಕಾರ್ಡಿಂಗ್ ಕೊಡುತ್ತಾರಾ ಎಂದು ವಿಚಾರಿಸಿ. ಮಗಳು ಎಷ್ಟು ಹೊತ್ತು ಬಾಯಿ ಬಿಟ್ಟು ಮಾತಾಡಿದಳು ಎಂದು ಗಡಿಯಾರ ನೋಡಿ. ಐದು ನಿಮಿಷವೂ ಆಗದಿದ್ದರೆ ಬೇರೆ ಕ್ಲಾಸು ಹುಡುಕಿ. ಐದು ನಿಮಿಷ ಆದರೆ ಸೇರಿಸಿ, ಒಂದು ತಿಂಗಳ ಫೀಸು ಮಾತ್ರ ಕಟ್ಟಿ. ಒಟ್ಟಿಗೇ ಕಟ್ಟಬೇಕು ಎಂದು ಹಟ ಹಿಡಿದರೆ ಆ ದುಡ್ಡಿನಲ್ಲಿ ಊರಿನಲ್ಲೇ ರಿಟೈರ್ ಆದ ಮಲಯಾಳ ಟೀಚರ್ ಯಾರಾದರೂ ಇದ್ದಾರಾ ನೋಡಿ. ಇಬ್ಬರು ಹುಡುಗಿಯರಿಗೆ ವಾರಕ್ಕೆ ಎರಡು ದಿನ ಹೇಳಿಕೊಡಲು ಅವರು ಒಪ್ಪಬಹುದು.